ಹೊಟ್ಟೆ ನೋಡುವ ಕಣ್ಣು ಬದಲಾದ ಕತೆ

ಮೈಸೂರಿನ ಹಳೇ ಗರಡಿಗಳ ಗೋಡೆ ತುಂಬ ಫೋಟೋಗಳಿರುತ್ತವೆ. ಲಂಗೋಟಿ ಬಿಗಿದು, ಹೆಗಲ ಮೇಲೆ ಗದೆ ಇಟ್ಟು, ಮೀಸೆ ತಿರುವಿ ನಿಂತ ಪೈಲ್ವಾನರು. ಈಗಿನ ಹುಡುಗರನ್ನು ಅಲ್ಲಿಗೆ ಕರೆದೊಯ್ದರೆ ಎಲ್ಲರೂ ಕೇಳುವುದು ಒಂದೇ ಮಾತು: “ಸಾರ್, ಇವರಿಗೆಲ್ಲ ಹೊಟ್ಟೆ ಇದೆಯಲ್ಲ?”

ಇದೆ. ಆ ಹೊಟ್ಟೆಯ ಬಗ್ಗೆ ಅವರಲ್ಲಿ ಒಬ್ಬರೂ ನಾಚಿಕೊಂಡವರಲ್ಲ. ಉಸಿರು ಬಿಗಿಹಿಡಿದು ಅದನ್ನು ಒಳಗೆ ಎಳೆದುಕೊಂಡು ಫೋಟೋಕ್ಕೆ ನಿಂತವರೂ ಅಲ್ಲ. ಖಿಲ್ಲೆ ಮೊಹಲ್ಲದಲ್ಲಿ ಬೆಳೆದ, ಗರಡಿ ಮನೆತನದ, ಸರ್ಕಾರಿ ಪ್ರೌಢಶಾಲೆಗಳಲ್ಲಿ ಪಿ.ಟಿ. ಮೇಷ್ಟ್ರಾಗಿದ್ದು ನಿವೃತ್ತನಾದ ನನಗೆ ಈ ಪ್ರಶ್ನೆ ಕೇಳಿದಾಗಲೆಲ್ಲ ನಗು ಬರುತ್ತದೆ. ಈಗ ಅಣ್ಣನ ಮಗನ ಜಿಮ್ಮಿನಲ್ಲಿ ಬೆಳಗಿನ ಹೊತ್ತು ಹಾಜರಿ ಪುಸ್ತಕ ನೋಡಿಕೊಂಡು ಕೂರುತ್ತೇನೆ. ಸೇರಲು ಬರುವ ಹತ್ತು ಜನರಲ್ಲಿ ಎಂಟು ಜನ ಫಾರಂ ತುಂಬುವ ಮೊದಲೇ ಹೇಳುವುದು, “ಅಂಕಲ್, ಹೊಟ್ಟೆ ಕರಗಬೇಕು, ಸಿಕ್ಸ್ ಪ್ಯಾಕ್ ಬರಬೇಕು.” ಕರಗುವುದೂ ಬರುವುದೂ ಬೇರೆ ಬೇರೆ ವಿಷಯ. ಒಂದು ಆರೋಗ್ಯದ್ದು, ಇನ್ನೊಂದು ಕ್ಯಾಮರಾದ್ದು. ಇವೆರಡೂ ಯಾವಾಗ, ಹೇಗೆ ಒಂದೇ ಆಗಿಬಿಟ್ಟವು ಎಂಬುದೇ ಈ ಬರಹ.

ಮೊದಲು ಹಿಂದಕ್ಕೆ ಹೋಗೋಣ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯರ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥ ಬರೆದ. ರಾಜನಾದವನಿಗೆ ಬೇಕಾದ ಸಕಲ ವಿದ್ಯೆ, ವಿನೋದಗಳ ಕಣಜ ಅದು. ಅದರಲ್ಲಿ ಮಲ್ಲವಿನೋದಕ್ಕೇ ಒಂದು ಭಾಗವಿದೆ. ವಯಸ್ಸು, ಮೈಕಟ್ಟು, ಬಲ ನೋಡಿ ಮಲ್ಲರನ್ನು ದರ್ಜೆ ಮಾಡಬೇಕು, ಅವರಿಗೆ ಬೇಳೆಕಾಳು, ಮಾಂಸ, ಮೊಸರು, ಹಾಲು, ತುಪ್ಪ ಕೊಟ್ಟು ಸಾಕಬೇಕು ಎಂದು ಹೇಳುತ್ತದೆ. ಅಂದರೆ ಮಲ್ಲನ ಊಟದ ಖರ್ಚು ಅರಮನೆಯ ಲೆಕ್ಕಕ್ಕೆ. ಅವನ ಮೈ ತುಂಬಿರಬೇಕು ಎನ್ನುವುದೇ ಅಲ್ಲಿಯ ಚಿಂತೆ, ಹೊಟ್ಟೆ ಇಳಿಸುವ ಮಾತಿಲ್ಲ.

ಇನ್ನೂ ಹಿಂದೆ, 981ರ ಸುಮಾರಿಗೆ ಚಾವುಂಡರಾಯ ಶ್ರವಣಬೆಳಗೊಳದಲ್ಲಿ ನಿಲ್ಲಿಸಿದ ಗೊಮ್ಮಟನನ್ನು ನೋಡಿ. ಬಾಹುಬಲಿ ಅಂದರೆ ಅಣ್ಣ ಭರತನನ್ನು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲೂ ಸೋಲಿಸಿದವನು. ಅಂಥ ಕುಸ್ತಿಪಟುವನ್ನು ಶಿಲ್ಪಿ ಐವತ್ತೇಳು ಅಡಿಗೂ ಮೀರಿದ ಎತ್ತರಕ್ಕೆ ಕಡೆದ. ಭುಜ ಅಗಲ, ತೋಳು ನೀಳ, ಸೊಂಟ ಕಿರಿದು. ಹೊಟ್ಟೆಯ ಮೇಲೆ ಮಾತ್ರ ಗಂಟುಗಳಿಲ್ಲ, ನುಣುಪು. ಕೈಕಾಲಿಗೆ ಹಬ್ಬಿದ ಬಳ್ಳಿಯ ಎಲೆ ಎಲೆಯನ್ನೂ ಬಿಡಿಸಿದ ಕೈಗೆ ಆರು ಗಂಟು ಕೆತ್ತುವುದು ಕಷ್ಟವಾಗಿರಲಿಲ್ಲ. ಬೇಕೆನಿಸಲಿಲ್ಲ, ಅಷ್ಟೇ. ನಮ್ಮವರ ಕಣ್ಣಿಗೆ ಬಲದ ಗುರುತು ಇದ್ದದ್ದು ಎದೆ, ಭುಜ, ತೊಡೆಗಳಲ್ಲಿ. ಭೀಮ ದುರ್ಯೋಧನರ ಕತೆಯಲ್ಲೂ ತಟ್ಟುವುದು ತೊಡೆಯನ್ನೇ.

ವಿಜಯನಗರಕ್ಕೆ ಬಂದರೆ ಇನ್ನೂ ಒಳ್ಳೆಯ ಸಾಕ್ಷಿ ಸಿಗುತ್ತದೆ. 1520ರ ಸುಮಾರಿಗೆ ಅಲ್ಲಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಕೃಷ್ಣದೇವರಾಯನ ಬೆಳಗನ್ನು ಬರೆದಿಟ್ಟಿದ್ದಾನೆ. ಹೊತ್ತು ಮೂಡುವ ಮೊದಲೇ ಅರಸ ಒಂದು ದೊಡ್ಡ ಲೋಟದಷ್ಟು ಎಳ್ಳೆಣ್ಣೆ ಕುಡಿಯುತ್ತಿದ್ದ, ಅದೇ ಎಣ್ಣೆಯನ್ನು ಮೈಗೂ ಹಚ್ಚಿಸಿಕೊಳ್ಳುತ್ತಿದ್ದ. ಸೊಂಟಕ್ಕೊಂದು ಚಿಕ್ಕ ಬಟ್ಟೆ ಕಟ್ಟಿ ಮಣ್ಣಿನಲ್ಲಿ ಮಾಡಿದ ಭಾರಗಳನ್ನು ಎತ್ತಿ, ಆಮೇಲೆ ಕತ್ತಿ ಹಿಡಿದು, ಹಚ್ಚಿದ ಎಣ್ಣೆಯೆಲ್ಲ ಬೆವರಾಗಿ ಇಳಿದುಹೋಗುವ ತನಕ ಸಾಧನೆ ಮಾಡುತ್ತಿದ್ದ. ನಂತರ ತನ್ನ ಮಲ್ಲರಲ್ಲೊಬ್ಬನ ಜತೆ ಕುಸ್ತಿ. ಅದಾದ ಮೇಲೆ ಕುದುರೆ ಏರಿ ಬಯಲಿಗೆ. ಇಷ್ಟೆಲ್ಲ ಕಣ್ಣಾರೆ ಕಂಡವರಿಂದ ತಿಳಿದ ಪಾಯೆಸ್ ಅರಸನ ಮೈಕಟ್ಟನ್ನು ಹೇಗೆ ಬಣ್ಣಿಸುತ್ತಾನೆ ಗೊತ್ತೆ? ಮಧ್ಯಮ ಎತ್ತರ, ಒಳ್ಳೆಯ ಆಕಾರ, ತೆಳ್ಳಗೆ ಅನ್ನುವುದಕ್ಕಿಂತ ದಪ್ಪಗೆ ಅನ್ನಬಹುದು. ದಿನವೂ ಬೆಳಗ್ಗೆ ಸಾಮು ಮಾಡಿ, ಕುದುರೆ ಓಡಿಸಿ, ಯುದ್ಧಗಳನ್ನು ಗೆದ್ದ ದೊರೆಯ ಮೈ ಹಾಗಿತ್ತು. ಅದನ್ನು ಪಾಯೆಸ್ ಕೊರತೆ ಎಂದು ಬರೆದಿಲ್ಲ.

ಈ ಪರಂಪರೆ ಮೈಸೂರಿನ ಒಡೆಯರ ಕಾಲಕ್ಕೆ ಗರಡಿ ಮನೆಗಳಾಗಿ ಉಳಿಯಿತು. ವಿಜಯದಶಮಿಯ ದಿನ ಅರಮನೆಯ ಕರಿಕಲ್ಲು ತೊಟ್ಟಿಯಲ್ಲಿ ನಡೆಯುವ ವಜ್ರಮುಷ್ಟಿ ಕಾಳಗಕ್ಕೆ ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರದ ಜಟ್ಟಿಗಳು ತಲೆ ಬೋಳಿಸಿಕೊಂಡು ಇಂದಿಗೂ ಬರುತ್ತಾರೆ. ಎದುರಾಳಿಯ ತಲೆಯಲ್ಲಿ ರಕ್ತ ಚಿಮ್ಮಿದರೆ ಕಾಳಗ ಮುಗಿಯಿತು. ಊರೊಳಗಿನ ಗರಡಿಗಳಲ್ಲಿ ನಡೆಯುತ್ತಿದ್ದದ್ದು ನಾಡಕುಸ್ತಿ.

ಗರಡಿ ಹೇಗಿರುತ್ತದೆ ಎಂದು ನೋಡದವರಿಗೆ ಹೇಳಬೇಕು. ಬಾಗಿಲು ಗಿಡ್ಡ, ತಲೆ ಬಗ್ಗಿಸದೆ ಒಳಗೆ ಕಾಲಿಡಲಾಗದು. ಗೋಡೆ ದಪ್ಪ, ಕಿಟಕಿ ಇದ್ದರೂ ಸಣ್ಣದು. ನೆಲ ರಸ್ತೆಗಿಂತ ಕೆಳಗೆ. ಒಳಗೆ ಹೋದ ಕೂಡಲೇ ಒಂದು ತಂಪು, ಎಣ್ಣೆ, ಕರ್ಪೂರ, ಬೆವರು ಸೇರಿದ ಒಂದು ವಾಸನೆ. ಮೂಲೆಯಲ್ಲಿ ಆಂಜನೇಯ. ನಡುವೆ ಮಟ್ಟಿ. ಅದರಲ್ಲಿರುವುದು ಹೊಲದಿಂದ ತಂದು ಸುರಿದ ಬರೀ ಮಣ್ಣಲ್ಲ. ಜರಡಿ ಹಿಡಿದ ಕೆಮ್ಮಣ್ಣಿಗೆ ಎಳ್ಳೆಣ್ಣೆ, ಮಜ್ಜಿಗೆ, ಅರಿಶಿನ, ನಿಂಬೆರಸ, ಬೇವಿನೆಲೆ ಹಾಕಿ ತುಳಿದು ಹದ ಮಾಡಿದ್ದು. ಮುಟ್ಟಿದರೆ ಅಂಗೈಗೆ ಮೆತ್ತಗೆ ಅಂಟುತ್ತದೆ, ಕೊಡವಿದರೆ ಉದುರುತ್ತದೆ. ಬಿದ್ದರೆ ಗಾಯವಾಗಬಾರದು, ಗೀರಿದರೆ ಕೀವು ಕಟ್ಟಬಾರದು. ಹದದ ಲೆಕ್ಕ ಅಷ್ಟು. ಕುಸ್ತಿ ಮುಗಿದ ಮೇಲೆ ಹುಡುಗರು ಆ ಮಣ್ಣನ್ನೇ ಮೈಮೇಲೆ ಎಳೆದುಕೊಂಡು ಬೆವರು ಇಂಗಿಸುತ್ತಾ ಸುಮ್ಮನೆ ಕೂರುತ್ತಿದ್ದರು.

ಸಾಮು ಅಂದರೆ ಮುಖ್ಯವಾಗಿ ದಂಡ ಮತ್ತು ಬಸ್ಕಿ. ದಂಡ ಹೊಡೆಯುವಾಗ ಸೊಂಟ ಮೇಲೆತ್ತಿ, ಎದೆಯನ್ನು ನೆಲಕ್ಕೆ ಸವರಿದಂತೆ ಮುಂದೆ ತಂದು, ತಲೆ ಎತ್ತಿ ಬೆನ್ನು ಬಗ್ಗಿಸಿ ನಿಲ್ಲಬೇಕು. ಮತ್ತೆ ಸೊಂಟ ಹಿಂದಕ್ಕೆ. ಇದರಲ್ಲಿ ಹೊಟ್ಟೆ ಒಮ್ಮೆ ಮುದುಡುತ್ತದೆ, ಒಮ್ಮೆ ಪೂರ್ತಿ ಚಾಚುತ್ತದೆ. ಬಸ್ಕಿ ಕಾಲಿಗೆ, ಉಸಿರಿಗೆ. ಗದೆ, ಕರೇಲ ತಿರುಗಿಸುವುದು ಭುಜಕ್ಕೆ, ಬೆನ್ನಿಗೆ, ಸೊಂಟದ ಪಕ್ಕಗಳಿಗೆ. ಕಲ್ಲುಗುಂಡು ಎತ್ತಲು ಇಡೀ ಮೈ ಬೇಕು. ಹೊಟ್ಟೆಗೆಂದೇ ಒಂದು ಸಾಮು ಇದ್ದದ್ದು ನಾನು ಕಾಣೆ. ನಮ್ಮ ತಾತ ಮೊಮ್ಮಕ್ಕಳನ್ನು ಕರೆದು, “ಗುದ್ದಲಾ, ನೋಡಾನ” ಎಂದು ಹೊಟ್ಟೆ ತೋರಿಸುತ್ತಿದ್ದರು. ಮೇಲೆ ಮೆತ್ತಗೆ, ಒಳಗೆ ಹಲಗೆ. ನಮ್ಮ ಕೈಯೇ ನೋಯುತ್ತಿತ್ತು. ಅವರ ಕಾಲದಲ್ಲಿ ಹೊಟ್ಟೆಗೆ ಪರೀಕ್ಷೆ ಇದ್ದದ್ದು ಹೀಗೆ, ಕಣ್ಣಿನಿಂದಲ್ಲ.

ಹೊಟ್ಟೆ ಯಾಕೆ ಇತ್ತು ಎನ್ನುವುದಕ್ಕೆ ಕಾರಣಗಳೂ ಇವೆ. ನಾಡಕುಸ್ತಿಯಲ್ಲಿ ಈಗಿನಂತೆ ಕಿಲೋ ಲೆಕ್ಕದ ವಿಭಾಗಗಳಿರಲಿಲ್ಲ. ದಸರಾಕ್ಕೆ ಮುಂಚೆ ಜೋಡಿ ಕಟ್ಟುವ ದಿನ ಹಿರಿಯರು ಇಬ್ಬರನ್ನು ಅಕ್ಕಪಕ್ಕ ನಿಲ್ಲಿಸಿ, ಎತ್ತರ, ಮೈ, ಹೆಸರು ನೋಡಿ ಜೋಡಿ ಮಾಡುತ್ತಿದ್ದರು. ಈಗಲೂ ಆ ಶಾಸ್ತ್ರ ನಡೆಯುತ್ತದೆ. ಹಾಗಾಗಿ ಭಾರ ಇದ್ದವನಿಗೆ ಲಾಭ. ಸೊಂಟದ ಸುತ್ತ ತೂಕ ಇದ್ದರೆ ಎತ್ತಿ ಎಸೆಯುವುದು ಕಷ್ಟ. ಊಟವೂ ಅದಕ್ಕೆ ತಕ್ಕ ಹಾಗೆ: ರಾತ್ರಿ ನೆನೆಸಿದ ಕಡಲೆ, ಸಿಪ್ಪೆ ಸುಲಿದು ಅರೆದ ಬಾದಾಮಿ ಹಾಲು, ತುಪ್ಪ, ಕೊಬ್ಬರಿ ಬೆಲ್ಲ, ಬಾಳೆಹಣ್ಣು, ತಿನ್ನುವವರಿಗೆ ಮೊಟ್ಟೆ, ಕಾಲು ಸೂಪು. ಉತ್ತರ ಕರ್ನಾಟಕದ ಕಡೆ ಇದನ್ನು ಖುರಾಕು ಎನ್ನುತ್ತಾರೆ. ಬೆಳಗಿನ ಜಾವ ಎದ್ದು ದಂಡ ಬಸ್ಕಿ ಹೊಡೆಯುವ ತನಕ ಈ ಊಟ ಮೈಗೆ ಹತ್ತುತ್ತಿತ್ತು. ಮದುವೆಯಾಗಿ, ಅಂಗಡಿ ಇಟ್ಟು, ಸಾಮು ಬಿಟ್ಟು, ತುಪ್ಪವನ್ನು ಮಾತ್ರ ಬಿಡದ ಪೈಲ್ವಾನರ ಹೊಟ್ಟೆ ಡೊಳ್ಳಾಗಿ, ಸಕ್ಕರೆ ಕಾಯಿಲೆ ಹಿಡಿದದ್ದನ್ನೂ ನಮ್ಮ ಬೀದಿಯಲ್ಲಿ ಕಂಡಿದ್ದೇನೆ. ಗರಡಿಯನ್ನು ಹೊಗಳುವಾಗ ಇದನ್ನು ಮುಚ್ಚಿಡಬಾರದು.

ಹಾಗಾದರೆ ಹಿಂದಿನವರಿಗೆ ಬೊಜ್ಜು ಕೆಟ್ಟದ್ದೆಂದು ಗೊತ್ತಿರಲಿಲ್ಲವೆ? ಚೆನ್ನಾಗಿ ಗೊತ್ತಿತ್ತು. ಚರಕ ಸಂಹಿತೆಯ ಸೂತ್ರಸ್ಥಾನದಲ್ಲಿ ನಿಂದ್ಯರಾದ ಎಂಟು ಬಗೆಯ ಶರೀರದವರನ್ನು ಹೇಳುವ ಅಧ್ಯಾಯವಿದೆ. ಅತಿ ದಪ್ಪದವನೂ ಅತಿ ತೆಳುವಿನವನೂ ಆ ಪಟ್ಟಿಯಲ್ಲಿದ್ದಾರೆ. ಹೊಟ್ಟೆ ಜೋತು ಅಲುಗಾಡುವವನಿಗೆ ಆಯುಸ್ಸು ಕಡಿಮೆ, ಬೇಗ ಏದುಸಿರು, ಅತಿ ಹಸಿವು, ಅತಿ ಬಾಯಾರಿಕೆ ಎನ್ನುತ್ತದೆ. ಮದ್ದಾಗಿ ಹೇಳುವುದು ಜವೆಗೋಧಿ, ಹೆಸರುಕಾಳು, ಹುರುಳಿ, ಮಜ್ಜಿಗೆ, ಜೇನುತುಪ್ಪ, ಜತೆಗೆ ವ್ಯಾಯಾಮ ಮತ್ತು ಕಡಿಮೆ ನಿದ್ದೆ. ಹೊಟ್ಟೆ ತುಂಬಿದಂತಾಗಬೇಕು, ಮೈಗೆ ಹತ್ತಬಾರದು. ಅದೇ ಅದರ ಸೂತ್ರ. ಇಂದಿನ ಡಯಟೀಷಿಯನ್ನರು ನಾರು, ಬೇಳೆ, ಪ್ರೋಟೀನು ಎಂದು ಚೀಟಿ ಬರೆದುಕೊಡುವುದು ಇದಕ್ಕಿಂತ ಬಹಳ ದೂರವೇನಲ್ಲ. ವ್ಯಾಯಾಮವನ್ನು ಅರ್ಧ ಶಕ್ತಿಗೆ ನಿಲ್ಲಿಸಬೇಕು, ಹಣೆ, ಕಂಕುಳಲ್ಲಿ ಬೆವರು ಮೂಡಿದರೆ ಸಾಕು ಎಂದೂ ಆಯುರ್ವೇದ ಹೇಳಿತು. ಹಳ್ಳಿಯವರು ಇಷ್ಟು ಉದ್ದ ಹೇಳಲಿಲ್ಲ: ಒಪ್ಪೊತ್ತು ಉಂಡವ ಯೋಗಿ, ಎರಡು ಹೊತ್ತು ಉಂಡವ ಭೋಗಿ, ಮೂರು ಹೊತ್ತು ಉಂಡವ ರೋಗಿ, ನಾಲ್ಕು ಹೊತ್ತು ಉಂಡವನ ಹೊತ್ಕೊಂಡ್ಹೋಗಿ.

ಗರಡಿಗೆ ಹೆಂಗಸರಿಗೆ ಪ್ರವೇಶವಿರಲಿಲ್ಲ. ಆದರೆ ಹೊಟ್ಟೆಯ ವಿಷಯದಲ್ಲಿ ಅವರಿಗೂ ಒಂದು ಪದ್ಧತಿ ಇತ್ತು. ಹೆರಿಗೆಯಾದ ಮೇಲೆ ಎಣ್ಣೆ ನೀರು ಹಾಕಿ, ಹಳೇ ಹತ್ತಿ ಸೀರೆಯನ್ನು ಉದ್ದಕ್ಕೆ ಮಡಿಸಿ, ಬಾಣಂತಿಯ ಹೊಟ್ಟೆಗೆ ಸುತ್ತಿ ಬಿಗಿಯಾಗಿ ಕಟ್ಟುತ್ತಿದ್ದರು. ನಮ್ಮ ಮನೆಯಲ್ಲಿ ಇದು ಅಜ್ಜಿಯ ಕೆಲಸ. “ಕಟ್ಟದಿದ್ರೆ ಹೊಟ್ಟೆ ಬಿಟ್ಟೋಯ್ತದೆ ಕಣವ್ವ” ಎನ್ನುತ್ತಾ ಸೊಸೆಯಂದಿರಿಗೆ ಕಟ್ಟುತ್ತಿದ್ದರು. ಬಾಣಂತನ ಮುಗಿದ ಮೇಲೆ ಬೀಸುಕಲ್ಲು, ಒನಕೆ, ಬಾವಿಯ ಹಗ್ಗ ಕಾದಿರುತ್ತಿದ್ದವು. ಅದನ್ನು ವ್ಯಾಯಾಮ ಎಂದು ಯಾರೂ ಕರೆಯಲಿಲ್ಲ, ಪುಣ್ಯಕ್ಕೆ ಫೀಜೂ ಕಟ್ಟಿಸಿಕೊಳ್ಳಲಿಲ್ಲ. ಆ ದುಡಿತವನ್ನು ಈಗ ಚಂದ ಮಾಡಿ ಹೇಳುವವರಿದ್ದಾರೆ. ದುಡಿದವರು ಹಾಗೆ ಹೇಳಿದ್ದನ್ನು ನಾನು ಕೇಳಿಲ್ಲ.

ಇನ್ನು ಕಣ್ಣು ಬದಲಾದ ಕತೆ. ಅದು ಶುರುವಾದದ್ದು ಯುರೋಪಿನಲ್ಲಿ. ಪ್ರಷ್ಯಾದಲ್ಲಿ 1867ರಲ್ಲಿ ಹುಟ್ಟಿದ ಯೂಜಿನ್ ಸ್ಯಾಂಡೊ ಸರ್ಕಸ್ಸಿನ ಬಲಶಾಲಿಯಾಗಿದ್ದವನು. ಆಗಿನ ಬಲಶಾಲಿಗಳು ಭಾರ ಎತ್ತಿ ತೋರಿಸುತ್ತಿದ್ದರು. ಸ್ಯಾಂಡೊ ಭಾರ ಎತ್ತುವುದರ ಜತೆಗೆ ಮೈಯನ್ನೇ ತೋರಿಸಿದ. ಗ್ರೀಕ್ ವಿಗ್ರಹಗಳ ಭಂಗಿಯಲ್ಲಿ ನಿಂತು, ಒಂದೊಂದೇ ಮಾಂಸಖಂಡವನ್ನು ಬಿಗಿದು ಬಿಟ್ಟು ಜನರನ್ನು ಬೆರಗುಗೊಳಿಸಿದ. ಅವನ ಫೋಟೋಗಳು ಕಾರ್ಡುಗಳಾಗಿ ಮಾರಾಟವಾದವು. 1894ರಲ್ಲಿ ಎಡಿಸನ್ನನ ಸ್ಟುಡಿಯೋ ಅವನನ್ನು ಚಲನಚಿತ್ರದಲ್ಲಿ ಹಿಡಿಯಿತು. ಸಿನಿಮಾ ಹುಟ್ಟಿದ ಹೊಸದರಲ್ಲೇ ತೆರೆಗೆ ಬಂದದ್ದು ಬಿಗಿದ ಮೈ. 1901ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಅವನೇ ಏರ್ಪಡಿಸಿದ ಸ್ಪರ್ಧೆಯಲ್ಲಿ ಗೆಲುವು ಸಿಕ್ಕಿದ್ದು ಹೆಚ್ಚು ಎತ್ತಿದವನಿಗಲ್ಲ, ಚೆನ್ನಾಗಿ ಕಾಣುವವನಿಗೆ. 1905ರ ಹೊತ್ತಿಗೆ ಸ್ಯಾಂಡೊ ಭಾರತದಲ್ಲೂ ಪ್ರದರ್ಶನ ಕೊಟ್ಟ. ಅವನ ಡಂಬೆಲ್ಲು, ಪುಸ್ತಕ, ಗೋಡೆಗೆ ತೂಗುಹಾಕುವ ಚಾರ್ಟು ನಮ್ಮ ಊರುಗಳಿಗೆ ಬಂದವು.

ಇಲ್ಲಿಯ ಮಣ್ಣೇನೂ ಖಾಲಿ ಇರಲಿಲ್ಲ. ಬೆಂಗಳೂರಿನಲ್ಲಿ 1896ರಷ್ಟು ಹಿಂದೆಯೇ ‘ವ್ಯಾಯಾಮ ದೀಪಿಕಾ’ ಎಂಬ ಪುಸ್ತಕ ಅಚ್ಚಾಗಿತ್ತು; ದಂಡಗಳ ಬಗೆಗಳನ್ನು ವಿವರಿಸುವ, ದೇಸಿ ಸಾಮಿನ ಕೈಪಿಡಿ ಅದು. ಆಂಧ್ರದ ಕೋಡಿ ರಾಮಮೂರ್ತಿ ಎದೆಯ ಮೇಲೆ ಆನೆ ಹತ್ತಿಸಿಕೊಂಡು, ಓಡುವ ಕಾರನ್ನು ತಡೆದು ನಿಲ್ಲಿಸಿ ದೇಶವೆಲ್ಲ ಹೆಸರಾಗಿದ್ದರು. ಸಾತಾರಾ ಕಡೆಯ ಔಂಧ್ ಸಂಸ್ಥಾನದ ರಾಜ ಭವಾನರಾವ್ ಪಂತ ಪ್ರತಿನಿಧಿ 1920ರ ದಶಕದಲ್ಲಿ ಸೂರ್ಯನಮಸ್ಕಾರವನ್ನು ಗಂಡು ಹೆಣ್ಣು ಮಕ್ಕಳೆಲ್ಲ ಮಾಡಬೇಕಾದ ವ್ಯಾಯಾಮವಾಗಿ ಹರಡಿದರು. ಈ ಎಲ್ಲ ಹೊಳೆಗಳೂ ಬಂದು ಸೇರಿದ್ದು ಬೆಂಗಳೂರಿನ ಒಬ್ಬ ಮನುಷ್ಯನಲ್ಲಿ.

ಅವರೇ ಕೆ.ವಿ. ಅಯ್ಯರ್. ಕೋಲಾರ ವೆಂಕಟೇಶ ಅಯ್ಯರ್ ಎಂದರೆ ಕನ್ನಡ ಓದುಗರಿಗೆ ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳ ಲೇಖಕರಾಗಿ ನೆನಪು. ಆದರೆ 1920, 30ರ ದಶಕಗಳಲ್ಲಿ ಅವರ ಹೆಸರು ಓಡಿದ್ದು ದೇಹದಾರ್ಢ್ಯದ ಲೋಕದಲ್ಲಿ. ಬೆಂಗಳೂರಿನಲ್ಲಿ ಅವರು ನಡೆಸಿದ ಹರ್ಕ್ಯುಲಿಸ್ ಜಿಮ್ನಾಷಿಯಂ ಆ ಕಾಲಕ್ಕೆ ಹೊಸ ಬಗೆಯದು. ಮಟ್ಟಿಯ ಬದಲು ಬಾರ್‌ಬೆಲ್, ಡಂಬೆಲ್, ಕನ್ನಡಿ. 1930ರಲ್ಲಿ ಅವರ ಇಂಗ್ಲಿಷ್ ಪುಸ್ತಕ ‘ಮಸಲ್ ಕಲ್ಟ್’ ಹೊರಬಂತು, ಮುಂದೆ ‘ಪರ್ಫೆಕ್ಟ್ ಫಿಜೀಕ್’, ಸೂರ್ಯನಮಸ್ಕಾರದ ಮೇಲೊಂದು ಪುಸ್ತಕ. ಅವರ ಫೋಟೋಗಳು ಇಂಗ್ಲೆಂಡಿನ ‘ಹೆಲ್ತ್ ಅಂಡ್ ಸ್ಟ್ರೆಂತ್’ನಂಥ ಪತ್ರಿಕೆಗಳಲ್ಲಿ ಅಚ್ಚಾದವು. ಅಂಚೆಯ ಮೂಲಕ ದೂರದವರಿಗೂ ವ್ಯಾಯಾಮ ಹೇಳಿಕೊಡುತ್ತಿದ್ದರು. ಈಗ ಮೊಬೈಲಿನಲ್ಲಿ ನಡೆಯುವ ಆನ್‌ಲೈನ್ ಕೋಚಿಂಗನ್ನು ಬೆಂಗಳೂರು ಪೋಸ್ಟ್‌ಕಾರ್ಡಿನ ಕಾಲದಲ್ಲೇ ಮಾಡಿತ್ತು.

ಅಯ್ಯರ್ ಅವರ ಆ ಫೋಟೋಗಳನ್ನು ಗರಡಿಯ ಫೋಟೋಗಳ ಪಕ್ಕ ಇಟ್ಟು ನೋಡಬೇಕು. ಗದೆ ಇಲ್ಲ, ಮೀಸೆಯ ಠೀವಿ ಇಲ್ಲ. ಗ್ರೀಕ್ ವಿಗ್ರಹದ ಭಂಗಿ, ಒಂದೇ ಒಂದು ಚಿಕ್ಕ ಚಡ್ಡಿ. ಬೆಳಕು ಪಕ್ಕದಿಂದ ಬಿದ್ದು ಪ್ರತಿ ಉಬ್ಬಿನ ಬದಿಗೂ ನೆರಳು ಕಟ್ಟಿದೆ. ಹೊಟ್ಟೆ ಚಪ್ಪಟೆಯಾಗಿ, ಅದರ ಮೇಲೆ ಗಂಟುಗಳು ಎಣಿಸುವಷ್ಟು ಸ್ಪಷ್ಟ. ನಮ್ಮ ನಾಡಿನಲ್ಲಿ ಹೊಟ್ಟೆ ಹೀಗೆ ನೋಡುವ ವಸ್ತುವಾದದ್ದು ಇಲ್ಲಿಂದ. ಚಿತ್ರಕಾರ ಮತ್ತು ಅವನ ಮುಂದೆ ಕೂರುವ ರೂಪದರ್ಶಿಯ ಕತೆಯನ್ನೇ ಮುಂದೆ ಅವರು ಕಾದಂಬರಿ ಮಾಡಿದ್ದು ನನಗೆ ಆಕಸ್ಮಿಕ ಅನ್ನಿಸುವುದಿಲ್ಲ.

ಆದರೆ ಅಯ್ಯರ್ ಸ್ಯಾಂಡೊನ ನಕಲಲ್ಲ. ತಮ್ಮ ಮೈಯನ್ನು ಕಟ್ಟಿದ್ದರಲ್ಲಿ ಬಾರ್‌ಬೆಲ್ಲು, ಸ್ಪ್ರಿಂಗುಗಳಿಗಿಂತ ಹಠಯೋಗದ ಪಾಲೇ ದೊಡ್ಡದು ಎಂದು ಅವರೇ ‘ಮಸಲ್ ಕಲ್ಟ್’ನಲ್ಲಿ ಬರೆದರು. ಬೆಂಗಳೂರಿನ ಯೋಗಾಚಾರ್ಯ ಸುಂದರಂ ಅವರ ಜತೆ ಸೇರಿ ಆಸನಗಳ ಪ್ರಾತ್ಯಕ್ಷಿಕೆ ಕೊಟ್ಟರು. ಹೊಟ್ಟೆಯ ಮಟ್ಟಿಗೆ ಹಠಯೋಗಕ್ಕೆ ತನ್ನದೇ ವಿದ್ಯೆ ಇತ್ತು. ಉಡ್ಡಿಯಾನದಲ್ಲಿ ಉಸಿರು ಪೂರ್ತಿ ಹೊರಹಾಕಿ ಹೊಟ್ಟೆಯನ್ನು ಬೆನ್ನಿಗೆ ಅಂಟುವಂತೆ ಎಳೆಯುತ್ತಾರೆ. ನೌಲಿಯಲ್ಲಿ ಹಾಗೆ ಎಳೆದ ಹೊಟ್ಟೆಯ ನಡುವೆ ಮಾಂಸಖಂಡವನ್ನು ಕಂಬದ ಹಾಗೆ ಎಬ್ಬಿಸಿ, ಎಡಕ್ಕೂ ಬಲಕ್ಕೂ ಹೊರಳಿಸುತ್ತಾರೆ. ಅದು ಜೀರ್ಣಕ್ಕೆ, ಶುದ್ಧಿಗೆ ಎಂದು ಶಾಸ್ತ್ರ ಹೇಳಿದ್ದು. ಫೋಟೋ ತೆಗೆದಾಗ ಅದೂ ಸ್ನಾಯುಪ್ರದರ್ಶನವಾಗಿ ಕಂಡಿತು.

ಮೈಸೂರಿನ ದೊರೆ ನಾಲ್ವಡಿ ಕೃಷ್ಣರಾಜ ಒಡೆಯರು ಈ ಎಲ್ಲಕ್ಕೂ ಆಸರೆಯಾದರು. ಅಯ್ಯರ್ ಅವರಿಗೂ ಅವರ ಪ್ರೋತ್ಸಾಹವಿತ್ತು. ಜಗನ್ಮೋಹನ ಅರಮನೆಯಲ್ಲಿ ಟಿ. ಕೃಷ್ಣಮಾಚಾರ್ಯರಿಗೆ ಯೋಗಶಾಲೆ ಮಾಡಿಕೊಟ್ಟರು. ಕೃಷ್ಣಮಾಚಾರ್ಯರ ‘ಯೋಗ ಮಕರಂದ’ 1934ರಲ್ಲಿ ಮೊದಲು ಅಚ್ಚಾದದ್ದು ಕನ್ನಡದಲ್ಲೇ. ಅದೇ ವರ್ಷ ಬೆಳ್ಳೂರಿನ ಒಬ್ಬ ಸಣಕಲು, ರೋಗಿಷ್ಟ ಹುಡುಗ ಅಲ್ಲಿಗೆ ಬಂದ. ಆತನೇ ಮುಂದೆ ಜಗತ್ತಿಗೆ ಬಿ.ಕೆ.ಎಸ್. ಅಯ್ಯಂಗಾರ್. ಹೀಗೆ 1930ರ ದಶಕದ ಮೈಸೂರು ಸೀಮೆಯಲ್ಲಿ ಗರಡಿ, ಯೋಗಶಾಲೆ, ಜಿಮ್ನಾಷಿಯಂ ಮೂರೂ ಒಂದೇ ಅರಸನ ನೆರಳಲ್ಲಿ ನಡೆದವು. ಬಲ, ಸ್ವಾಸ್ಥ್ಯ, ಅಂದ ಮೂರಕ್ಕೂ ಬೇರೆ ಬೇರೆ ಮನೆ. ಯಾರಿಗೆ ಏನು ಬೇಕೋ ಆ ಬಾಗಿಲಿಗೆ ಹೋಗುತ್ತಿದ್ದರು.

ಬೆಂಗಳೂರಿನ ಜೆ.ಸಿ. ರಸ್ತೆಯ ವ್ಯಾಯಾಮಶಾಲೆ ಅಯ್ಯರ್ ಅವರ ಮುಂದಿನ ನೆಲೆಯಾಯಿತು. ಅಲ್ಲಿ ಡಂಬೆಲ್ಲಿನ ಸದ್ದಿನ ಜತೆಗೆ ನಾಟಕದ ತಾಲೀಮೂ ನಡೆಯಿತು. ಟಿ.ಪಿ. ಕೈಲಾಸಂ ಅಯ್ಯರ್ ಅವರ ಆಪ್ತ ಗೆಳೆಯರು. ‘ರವಿ ಕಲಾವಿದರು’ ನಾಟಕ ತಂಡ ಕಟ್ಟಿದ್ದೂ ಅಯ್ಯರ್ ಅವರೇ. ಮೈ ಬೆಳೆಸುವವನಿಗೆ ತಲೆ ಖಾಲಿ ಎಂದು ಆಡಿಕೊಳ್ಳುವವರಿಗೆ ಆ ಒಂದು ಕಟ್ಟಡವೇ ಉತ್ತರ. 1980ರಲ್ಲಿ ಅಯ್ಯರ್ ತೀರಿಕೊಂಡರು.

ನಾನು ಕೆಲಸಕ್ಕೆ ಸೇರಿದ ಕಾಲಕ್ಕೆ ಶಾಲೆಗಳಲ್ಲಿ ಡ್ರಿಲ್ಲು, ಕಬಡ್ಡಿ, ಖೊಖೊ, ಸಾಮೂಹಿಕ ವ್ಯಾಯಾಮ. ಹುಡುಗರ ಹೊಟ್ಟೆಯ ಬಗ್ಗೆ ನಮಗಿದ್ದ ಚಿಂತೆ ಅದು ತುಂಬಿದೆಯೋ ಇಲ್ಲವೋ ಎಂಬುದು. ಬೆಳಗಿನ ಪ್ರಾರ್ಥನೆಯಲ್ಲಿ ತಲೆ ಸುತ್ತಿ ಬೀಳುವ ಮಕ್ಕಳೇ ಹೆಚ್ಚು. 1983ರಲ್ಲಿ ‘ಕಾಮನಬಿಲ್ಲು’ ಸಿನಿಮಾದಲ್ಲಿ ರಾಜ್‌ಕುಮಾರ್ ಯೋಗಾಸನ ಹಾಕಿದಾಗ ಊರೆಲ್ಲ ಅದೇ ಮಾತು. ಐವತ್ತು ದಾಟಿದ ಅಣ್ಣಾವ್ರ ಮೈ ಅಷ್ಟು ಬಾಗುತ್ತದಲ್ಲ ಎಂಬುದು ಜನರ ಬೆರಗು. ಪ್ಯಾಕು ಎಣಿಸಿದವರನ್ನು ನಾನು ನೋಡಲಿಲ್ಲ.

ಎಣಿಕೆ ಶುರುವಾದದ್ದು 2007ರಲ್ಲಿ ಹಿಂದಿಯ ‘ಓಂ ಶಾಂತಿ ಓಂ’ ಸಿನಿಮಾ ಬಂದು, ನಾಯಕನ ಸಿಕ್ಸ್ ಪ್ಯಾಕ್ ತೆರೆಯ ಮೇಲೆ ಕಂಡಮೇಲೆ. ಮರುವರ್ಷವೇ ತಮಿಳಿನಲ್ಲಿ ಸೂರ್ಯ ಅಭಿನಯದ ‘ವಾರಣಂ ಆಯಿರಂ’, ಹಿಂದಿಯಲ್ಲಿ ಅಮೀರ್ ಖಾನರ ‘ಘಜಿನಿ’. ನಮ್ಮ ಗಾಂಧಿನಗರವೂ ಹಿಂದೆ ಬೀಳಲಿಲ್ಲ. ಬೀದಿಗೊಂದು ಜಿಮ್ಮು, ಜಿಮ್ಮಿಗೊಂದು ಡಬ್ಬಿ ಪುಡಿ. 2019ರಲ್ಲಿ ಸುದೀಪ್ ಅಭಿನಯದ ‘ಪೈಲ್ವಾನ್’ ಬಂತು. ಕುಸ್ತಿಯ ಮೇಲೆ ಸಿನಿಮಾ ಬಂತೆಂದು ನಮ್ಮ ಗರಡಿಯ ಹಿರಿಯರು ಸಂತೋಷಪಟ್ಟು ಹೋದರು. ಪೋಸ್ಟರಿನಲ್ಲಿದ್ದದ್ದು ಕಡೆದ ಮೈ. ಹೊರಗೆ ಬಂದಮೇಲೆ ಒಬ್ಬರು ಹೇಳಿದರು: “ಹುಡುಗ ಚೆನ್ನಾಗವ್ನೆ. ಆದ್ರೆ ನಮ್ ಮಟ್ಟೀಲಿ ನಿಲ್ಲಕ್ಕೆ ಇನ್ನೊಂದಿಪ್ಪತ್ ಕೆಜಿ ಬೇಕು.”

ಈಗ ಆ ಗಂಟುಗಳ ವಿಷಯವನ್ನೇ ನೇರವಾಗಿ ಹೇಳುತ್ತೇನೆ, ಜಿಮ್ಮಿನ ಹುಡುಗರಿಗೆ ಹೇಳುವ ಹಾಗೆ. ಹೊಟ್ಟೆಯ ಮುಂಭಾಗದಲ್ಲಿ ಎದೆಗೂಡಿನಿಂದ ಕೆಳಹೊಟ್ಟೆಯ ಮೂಳೆಯವರೆಗೆ ಉದ್ದಕ್ಕೆ ಒಂದು ಜೋಡಿ ಮಾಂಸಖಂಡವಿದೆ. ಅದನ್ನು ಅಡ್ಡಕ್ಕೆ ಕತ್ತರಿಸುವ ನಾರಿನ ಪಟ್ಟಿಗಳು ಸಾಮಾನ್ಯವಾಗಿ ಮೂರು. ಎಷ್ಟು ಪಟ್ಟಿ, ನೆಟ್ಟಗೋ ಓರೆಯೋ ಎನ್ನುವುದು ಹುಟ್ಟಿನಿಂದ ಬಂದದ್ದು. ಒಬ್ಬನಿಗೆ ನಾಲ್ಕು ಕಾಣಬಹುದು, ಇನ್ನೊಬ್ಬನಿಗೆ ಎಂಟು. ಯಾವ ಮಾಸ್ಟರೂ ಅದನ್ನು ಬದಲಾಯಿಸಲಾರ. ಎಲ್ಲರಿಗೂ ಇದು ಇದ್ದೇ ಇದೆ. ಮೇಲಿನ ಕೊಬ್ಬಿನ ಪದರ ತೆಳುವಾದರೆ ಕಾಣುತ್ತದೆ. ಗಂಡಸರಲ್ಲಿ ಮೈಕೊಬ್ಬು ಶೇಕಡಾ ಹತ್ತು ಹನ್ನೆರಡಕ್ಕೆ ಇಳಿದರೆ ಚೆನ್ನಾಗಿ ಕಾಣುತ್ತದೆ ಎಂಬುದು ಅನುಭವಸ್ಥರ ಲೆಕ್ಕ. ಹೆಂಗಸರಿಗೆ ಪ್ರಕೃತಿಯೇ ಹೆಚ್ಚು ಕೊಬ್ಬು ಇಟ್ಟಿದೆ. ಅದನ್ನು ಅತಿಯಾಗಿ ಇಳಿಸಿದರೆ ಮುಟ್ಟೇ ನಿಂತುಹೋಗಬಹುದು.

ಹೊಟ್ಟೆಯ ವ್ಯಾಯಾಮ ಮಾಡಿದರೆ ಹೊಟ್ಟೆಯ ಕೊಬ್ಬೇ ಕರಗುತ್ತದೆ ಎನ್ನುವುದು ಇನ್ನೊಂದು ನಂಬಿಕೆ. ಅಮೆರಿಕದಲ್ಲಿ 1984ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 13 ಗಂಡಸರಿಂದ 27 ದಿನಗಳಲ್ಲಿ ತಲಾ 5,004 ಸಿಟ್‌ಅಪ್ ಮಾಡಿಸಿದರು. ಹೊಟ್ಟೆ, ಬೆನ್ನು, ಪೃಷ್ಠ ಮೂರು ಕಡೆಯಿಂದ ಕೊಬ್ಬಿನ ತುಣುಕು ತೆಗೆದು ಪರೀಕ್ಷಿಸಿದರು. ಹೊಟ್ಟೆಯ ಕೊಬ್ಬಿನ ಕೋಶಗಳೇ ಹೆಚ್ಚು ಕುಗ್ಗಿದವು ಅನ್ನುವುದಕ್ಕೆ ಪುರಾವೆ ಸಿಗಲಿಲ್ಲ. ಮೈ ತನಗೆ ಬೇಕಾದಲ್ಲಿಂದ ಕೊಬ್ಬು ತೆಗೆದುಕೊಳ್ಳುತ್ತದೆ, ನಾವು ಬೆರಳು ತೋರಿಸಿದಲ್ಲಿಂದಲ್ಲ. ಗರಡಿಯಲ್ಲಿ ಹೊಟ್ಟೆಗೆಂದೇ ಸಾಮು ಇರದಿದ್ದದ್ದು ಅಜ್ಞಾನವಲ್ಲ ಎಂದು ನನಗೆ ಇದನ್ನು ಓದಿದಾಗ ಅನ್ನಿಸಿತು. ಇಡೀ ಮೈ ದುಡಿಸಿದರೆ ಹೊಟ್ಟೆಯೂ ಅದರ ಪಾಲು ದುಡಿಯುತ್ತದೆ.

ಪೋಸ್ಟರಿನ ಹೊಟ್ಟೆಯ ಗುಟ್ಟೂ ಇಷ್ಟೇ. ತಿಂಗಳುಗಟ್ಟಲೆ ಅಳೆದು ತೂಗಿ ಊಟ, ಶೂಟಿಂಗಿನ ಹಿಂದಿನ ದಿನಗಳಲ್ಲಿ ಉಪ್ಪು ನೀರು ಕಡಿಮೆ, ಮೈಗೆ ಎಣ್ಣೆ, ಪಕ್ಕದಿಂದ ದೀಪ, ಬಿಗಿಹಿಡಿದ ಉಸಿರು. ಸ್ಯಾಂಡೊ, ಅಯ್ಯರ್ ಕಾಲದಿಂದ ದೀಪದ ಕೆಲಸ ಬದಲಾಗಿಲ್ಲ. ನಟರಿಗೆ ಅದು ವೃತ್ತಿ, ಸಂಬಳ ಬರುತ್ತದೆ. ಅದನ್ನು ನೋಡಿ ಕಾಲೇಜು ಹುಡುಗ ಊಟ ಬಿಡುವುದು, ಯಾರೋ ಕೊಟ್ಟ ಸ್ಟೀರಾಯ್ಡ್ ಸೂಜಿ ಚುಚ್ಚಿಸಿಕೊಳ್ಳುವುದು ಬೇರೆ ಮಾತು. ಆ ಸೂಜಿಯ ದಾರಿ ಲಿವರಿಗೂ ಹೃದಯಕ್ಕೂ ಹೋಗುತ್ತದೆ.

ಹಾಗೆಂದು ಹೊಟ್ಟೆ ಬಿಟ್ಟುಕೊಂಡು ಕೂರಿ ಎಂದು ನಾನು ಹೇಳುತ್ತಿಲ್ಲ. ಅಪಾಯ ಇರುವುದು ಗೆರೆ ಕಾಣದ್ದರಲ್ಲಿ ಅಲ್ಲ, ಕರುಳು ಲಿವರುಗಳ ಸುತ್ತ ಒಳಗೆ ಸೇರುವ ಕೊಬ್ಬಿನಲ್ಲಿ. ನಮ್ಮವರಿಗೆ ಇದು ಹೆಚ್ಚು. ಪುಣೆಯ ಯಾಜ್ಞಿಕ್ ಮತ್ತು ಲಂಡನ್ನಿನ ಯೂಡ್ಕಿನ್ ಎಂಬ ಇಬ್ಬರು ವೈದ್ಯರು 2004ರಲ್ಲಿ ಪಕ್ಕಪಕ್ಕ ನಿಂತ ತಮ್ಮದೇ ಫೋಟೋ ಪ್ರಕಟಿಸಿದರು. ಇಬ್ಬರ ಬಿಎಂಐ ಒಂದೇ, 22.3. ಮೈಕೊಬ್ಬು ಮಾತ್ರ ಯೂಡ್ಕಿನ್ನರಿಗೆ ಶೇಕಡಾ 9.1, ಯಾಜ್ಞಿಕರಿಗೆ 21.2. ಕೈಕಾಲು ಸಣ್ಣ, ಹೊಟ್ಟೆ ದಪ್ಪ ಎನ್ನುವ ನಮ್ಮ ಮೈಗೆ ಇದಕ್ಕಿಂತ ಒಳ್ಳೆಯ ಫೋಟೋ ಸಿಗಲಾರದು. 2023ರಲ್ಲಿ ಪ್ರಕಟವಾದ ಐಸಿಎಂಆರ್ ಇಂಡಿಯಾಬ್ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇಕಡಾ 39.5 ಜನರಿಗೆ ಹೊಟ್ಟೆಯ ಬೊಜ್ಜಿದೆ.

ಆದ್ದರಿಂದ ಜಿಮ್ಮಿಗೆ ಬರುವವರಿಗೆ ನಾನು ಹೇಳುವುದು ಇಷ್ಟು. ಕನ್ನಡಿ ಬಿಡಿ, ಟೈಲರ್ ಟೇಪು ಹಿಡಿಯಿರಿ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಸಹಜವಾಗಿ ಬಿಟ್ಟ ಮೇಲೆ ಅಳೆಯಿರಿ. ಭಾರತೀಯ ಗಂಡಸಿಗೆ 90 ಸೆಂಟಿಮೀಟರ್, ಹೆಂಗಸಿಗೆ 80, ಅದರೊಳಗಿದ್ದರೆ ನೆಮ್ಮದಿಯಾಗಿರಿ. ಮೀರಿದ್ದರೆ ಮೊದಲು ರಾತ್ರಿ ಊಟ ಬೇಗ ಮುಗಿಸಿ, ಸಕ್ಕರೆ, ಮೈದಾ, ಬೇಕರಿ ತಿಂಡಿ ಕಡಿಮೆ ಮಾಡಿ. ಅನ್ನ ಮುದ್ದೆ ಬಿಡಬೇಕಾಗಿಲ್ಲ, ಅಳತೆ ಇಳಿಸಿ. ತಟ್ಟೆಯಲ್ಲಿ ಹುರುಳಿ, ಹೆಸರುಕಾಳು, ಮೊಟ್ಟೆ, ಸೊಪ್ಪು ಹೆಚ್ಚಲಿ. ದಿನವೂ ಬಿರುಸಾಗಿ ನಡೆಯಿರಿ, ವಾರಕ್ಕೆರಡು ಮೂರು ಬಾರಿ ದಂಡ, ಬಸ್ಕಿ, ಭಾರ. ನಿದ್ದೆ ಕೆಡಿಸಿಕೊಳ್ಳಬೇಡಿ. ತಿಂಗಳುಗಳು ಹಿಡಿಯುತ್ತವೆ, ಹಿಡಿಯಲಿ. ಇದರಿಂದ ಗೆರೆ ಕಂಡರೆ ಸಂತೋಷ, ಕಾಣದಿದ್ದರೂ ಆರೋಗ್ಯಕ್ಕೆ ನಷ್ಟವೇನಿಲ್ಲ.

ಇನ್ನೊಂದು ಮಾತು. ಮೈಸೂರಿನಲ್ಲಿ ಗರಡಿಗಳು ಇನ್ನೂ ಇವೆ, ಆದರೆ ಬೆಳಗಿನ ಹೊತ್ತು ಹಲವು ಕಡೆ ಮಟ್ಟಿ ತುಳಿಯುವವರಿಲ್ಲ. ನಿಮ್ಮ ಬೀದಿಯಲ್ಲಿ ಒಂದಿದ್ದರೆ ಮಕ್ಕಳನ್ನು, ಹೆಣ್ಣುಮಕ್ಕಳನ್ನೂ ಸೇರಿಸಿ ಕಳಿಸಿ. ತಿಂಗಳ ಫೀಜು ಜಿಮ್ಮಿಗಿಂತ ಬಹಳ ಕಡಿಮೆ.